ಎಲ್ಲಾ ಕೆಲಸಕ್ಕೂ ಒಂದೇ ನಾಯಿ

ನನ್ನ ಗಂಡನ ತಿಥಿ ಮುಗಿದ ಮೇಲೆ ನೆಂಟರೆಲ್ಲ ಹೊರಟರು. ನನ್ನ ಮೈದುನ ಮಾತ್ರ ರಜೆ ಹಾಕಿ ಉಳಿದ. ಅವನು ಹಾರೋಹಳ್ಳಿಯ ಒಂದು ಕಾರ್ಖಾನೆಯಲ್ಲಿ ಬಹಳ ವರ್ಷದಿಂದ ಕೆಲಸಕ್ಕಿದ್ದಾನೆ. ಅಣ್ಣ ಹೋದ ಮೇಲೆ ಅತ್ತಿಗೆಗೆ ಏನಾದರೂ ಮಾಡಬೇಕು ಎಂದು ಅವನಿಗೆ ಅನಿಸುತ್ತಿತ್ತು. ಏನು ಎಂದು ಗೊತ್ತಾಗದೆ ಕೊನೆಗೆ ನಾಯಿಯ ವಿಷಯಕ್ಕೆ ಬಂದ.

"ಈ ನಾಯಿ ಮುಗೀತು ಕಣತ್ತಿಗೆ," ಎಂದ ಜಗಲಿಯ ಮೇಲೆ ಕುಳಿತು. "ಬೊಗುಳದೂ ಇಲ್ಲ, ಹಸ ತಿರುಗುಸ್ಕಂಡು ಬರದೂ ಇಲ್ಲ. ನೀನೊಬ್ಳೇ ಇರೋ ಮನೆ. ಆಲ್‌ರೌಂಡರ್ ನಾಯಿ ಬೇಕು. ಯಾವ ಜಾತಿ ತರಾನ ಹೇಳು."

ಫೋನಿನಲ್ಲಿ ತೋರಿಸಿದ. ಲ್ಯಾಬ್ರಡಾರ್, ಶೆಫರ್ಡ್, ಡಾಬರ್‌ಮನ್, ಮುಧೋಳ. ಎಲ್ಲವೂ ಚೆನ್ನಾಗಿವೆ ಎಂದೆ.

"ಕನಕಪುರ ರಸ್ತೆ ಕಡೆ ಒಂದು ತೋಟದ ಮನೇಲಿ ಶೆಫರ್ಡ್ ಮರಿ ಹಾಕೈತೆ. ಭಾನುವಾರ ತತ್ತೀನಿ. ಇದುನ್ನ ನಮ್ ಕ್ಯಾಂಟೀನ್ ಹಿಂದೆ ಬುಟ್ರಾಯ್ತು. ಅನ್ನಕ್ಕೇನೂ ಬರ ಇಲ್ಲ ಅಲ್ಲಿ."

ಹೂಂ ಎಂದೆ. ಆ ದಿನಗಳಲ್ಲಿ ಎಲ್ಲದಕ್ಕೂ ಹೂಂ ಎನ್ನುತ್ತಿದ್ದೆ. ಅವರ ಚಪ್ಪಲಿ ಯಾರಿಗೆ ಕೊಡೋಣ ಎಂದು ಕೇಳಿದಾಗಲೂ ಹೂಂ ಎಂದೆನಂತೆ.

ನಾಯಿ ಜಾತಿಗಳ ಮಾತು ನಮ್ಮ ಮನೆಗೆ ಹೊಸದಲ್ಲ. ನನ್ನ ಗಂಡ ರೇಷ್ಮೆ ಬೆಳೆ ಇಲ್ಲದಾಗ ಡ್ರಿಪ್ ಪೈಪು ಜೋಡಿಸುವ ಕೆಲಸಕ್ಕೆ ಹೋಗುತ್ತಿದ್ದರು. ಸಾತನೂರಿನಿಂದ ಹಿಡಿದು ಸಾವನದುರ್ಗದ ಬುಡದವರೆಗೆ ತೋಟದ ಮನೆಗಳ ನಾಯಿಗಳೆಲ್ಲ ಅವರಿಗೆ ಪರಿಚಯ. ಮನೆಗೆ ಬಂದು ಜನರ ಸುದ್ದಿ ಹೇಳುತ್ತಿರಲಿಲ್ಲ, ನಾಯಿಗಳ ಸುದ್ದಿ ಹೇಳುತ್ತಿದ್ದರು.

"ಲ್ಯಾಬ್ರಡಾರು ಬೀಗ್ರು ಇದ್ದಂಗೆ ಕಣೆ. ಯಾರ್ ಬಂದ್ರೂ ಬನ್ನಿ, ಕೂತ್ಕೊಳಿ ಅಂತದೆ. ಕಳ್ಳ ಬಂದ್ರೆ ಚೀಲಾನೂ ಹೊತ್ಕೊಡ್ತದೆ."

ಮುಧೋಳದ ನಾಯಿಯ ಓಟವನ್ನು ಬಾಯಿತುಂಬ ಹೊಗಳುತ್ತಿದ್ದರು. ಆದರೆ ಮೊಲ ಕಂಡರೆ ಅದಕ್ಕೆ ಯಜಮಾನನೂ ಬೇಡ, ಮನೆಯೂ ಬೇಡ ಎನ್ನುತ್ತಿದ್ದರು. ಡಾಬರ್‌ಮನ್‌ಗೆ ಚಳಿಗಾಲದಲ್ಲಿ ಸ್ವೆಟರ್ ಹಾಕಿದ್ದನ್ನು ನೋಡಿ ಬಂದ ದಿನ ಊಟ ಮಾಡುವಾಗಲೂ ನಗುತ್ತಿದ್ದರು. ಶೆಫರ್ಡ್ ಬಗ್ಗೆ ಮಾತ್ರ ತಮಾಷೆ ಮಾಡುತ್ತಿರಲಿಲ್ಲ.

"ಎಲ್ಲಾ ಕೆಲ್ಸಕ್ಕೂ ಒಂದೇ ನಾಯಿ ಅಂದ್ರೆ ಅದೇ ಸೈ. ಕುರೀನೂ ಕಾಯ್ತದೆ, ಮನೇನೂ ಕಾಯ್ತದೆ, ಹೇಳ್ಕೊಟ್ಟಿದ್ದು ಬಿರ್ರನೆ ಕಲೀತದೆ. ನಮ್ ಬಿಸ್ಲು ಮಾತ್ರ ಆಗಕಿಲ್ಲ. ಆ ಕೂದ್ಲು ಹೊತ್ಕಂಡು ನಲ್ಲಿ ಕೆಳ್ಗೇ ಬಿದ್ದಿರ್ತದೆ, ಪಾಪ."

"ಮತ್ತೆ ನಮ್ದು?" ಎಂದು ಕೇಳಿದ್ದೆ.

"ನಮ್ ಬಡ್ಡಿಮಗಂದಾ? ಅದು ಕೆಲ್ಸ ಅಂತ ಗೊತ್ತಿಲ್ದೇನೇ ಕೆಲ್ಸ ಮಾಡ್ತದೆ."

ನಮ್ಮದಕ್ಕೆ ಜಾತಿಯಿಲ್ಲ. ಹಾಲಿನ ಡೈರಿಯ ಮುಂದೆ ಯಾರೋ ಬಿಟ್ಟುಹೋದ ಮರಿ, ರಾಗಿ ಹೊಟ್ಟಿನ ಬಣ್ಣ. ಬೆಳಗ್ಗೆ ನನ್ನ ಜೊತೆ ಡೈರಿಗೆ ಬರುತ್ತಿತ್ತು. ಸಂಜೆ ಹಸುಗಳನ್ನು ತಿರುಗಿಸಿಕೊಂಡು ಬರುತ್ತಿತ್ತು. ಹುಳುಮನೆಯ ಸುತ್ತ ಇಲಿ, ಹೆಗ್ಗಣ ಸುಳಿಯಲು ಬಿಡುತ್ತಿರಲಿಲ್ಲ. ಹಂದಿ ಬಂದರೆ ಬೊಗಳುತ್ತಿತ್ತು. ಆನೆ ಬಂದರೆ ಬೊಗಳುತ್ತಿರಲಿಲ್ಲ, ಬಂದು ಕಾಲಿಗೆ ಮೈ ಒತ್ತಿ ನಿಲ್ಲುತ್ತಿತ್ತು. ಆನೆಗೆ ಬೊಗಳಿದ ನಾಯಿ ಹೆದರಿ ಯಜಮಾನನ ಹತ್ತಿರ ಓಡಿಬರುತ್ತದೆ, ಹಿಂದೆ ಆನೆಯೂ ಬರುತ್ತದೆ. ಇದನ್ನು ಅದಕ್ಕೆ ಅವರು ಹೇಗೆ ಕಲಿಸಿದರೋ, ನಾನು ಕೇಳಲಿಲ್ಲ. ಕೇಳಲು ಸಮಯವಿದೆ ಎಂದುಕೊಂಡಿದ್ದೆ.

ಹುಳುಮನೆ ಎಂದರೆ ರೇಷ್ಮೆ ಹುಳು ಸಾಕುವ ಕೋಣೆ. ನಮ್ಮದು ಮನೆಗೆ ತಾಗಿಕೊಂಡೇ ಇದೆ. ಹುಳು ಇರುವಷ್ಟು ದಿನ ನಾವು ಸೊಳ್ಳೆ ಬತ್ತಿ ಹಚ್ಚುವುದಿಲ್ಲ, ಇರುವೆಗೆ ಪುಡಿ ಹಾಕುವುದಿಲ್ಲ. ಯಾವ ಔಷಧಿಯ ಸೋಂಕೂ ಹುಳಕ್ಕೆ ಆಗದು. ಬಾಗಿಲಲ್ಲಿ ಒಂದು ಗೋಣಿಚೀಲ ಹಾಸಿರುತ್ತದೆ. ಕಾಲು ಒರೆಸಿ ಒಳಗೆ ಹೋಗಲು ಅದು. ನಾಯಿ ಮಲಗುವುದೂ ಅದರ ಮೇಲೇ. ಆದ್ದರಿಂದ ನಾಯಿಗೂ ಮೈಗೆ ಕಚ್ಚಿ ರಕ್ತ ಹೀರುವ ಉಣ್ಣೆಗಳ ಔಷಧಿ ಹಾಕುವಂತಿಲ್ಲ. ಅವರು ದಿನಾ ಸಂಜೆ ತೆಂಗಿನ ಚಿಪ್ಪಿನಲ್ಲಿ ಉಪ್ಪುನೀರು ಇಟ್ಟುಕೊಂಡು, ನಾಯಿಯನ್ನು ತೊಡೆಗೆ ಒರಗಿಸಿಕೊಂಡು, ಒಂದೊಂದೇ ಉಣ್ಣೆ ಕಿತ್ತು ಚಿಪ್ಪಿಗೆ ಹಾಕುತ್ತಿದ್ದರು. ನನಗೆ ಅದು ಅಸಹ್ಯ. ಒಳಗೆ ಹೋಗಿಬಿಡುತ್ತಿದ್ದೆ.

ಅವರು ಹೋದಾಗ ಚಾಕಿ ಹುಳು, ಎಂದರೆ ಎಳೆಯ ಮರಿಗಳು, ಮನೆಗೆ ಬಂದು ಹೆಚ್ಚು ದಿನವಾಗಿರಲಿಲ್ಲ. ಹಿಪ್ಪುನೇರಳೆ ತೋಟದ ಕೆಳಗಿನ ಸಾಲುಗಳಲ್ಲಿ ಸೊಪ್ಪು ಕೊಯ್ಯುತ್ತಾ ಬಿದ್ದರು. ಎದೆ ನಿಂತಿತ್ತು ಎಂದರು. ಹೆಣಕ್ಕೆ ಊದುಬತ್ತಿ ಹಚ್ಚಲು ಹೋದವರಿಗೆ ಪಕ್ಕದ ಹೊಲದ ಹಿರಿಯರು, "ಹುಳ ಐತೆ, ಆ ಕಡೆ ಹಚ್ರಪ್ಪ," ಎಂದರು. ಗಾಳಿ ಎತ್ತ ಬೀಸುತ್ತಿದೆ ನೋಡಿ ಅವರನ್ನು ಅಂಗಳದ ಆ ತುದಿಯಲ್ಲಿ ಮಲಗಿಸಿದರು. ಅವರಿದ್ದಿದ್ದರೂ ಹಾಗೇ ಮಾಡಿಸುತ್ತಿದ್ದರು.

ಸೂತಕದ ದಿನಗಳಲ್ಲಿ ನಾವು ಹುಳುಮನೆಗೆ ಕಾಲಿಡುವಂತಿರಲಿಲ್ಲ. ಆ ಹಿರಿಯರ ಹೆಂಡತಿ ಬಂದು ಸೊಪ್ಪು ಹಾಕಿದರು. ತಿಥಿಯ ಮಾರನೇ ದಿನದಿಂದ ನಾನೇ ಹಾಕತೊಡಗಿದೆ. ಹುಳು ನಾಲ್ಕನೇ ಜ್ವರ ಎದ್ದಿತ್ತು. ಜ್ವರ ಎಂದರೆ ಪೊರೆ ಬಿಡುವುದು. ಅದರ ನಂತರ ಅವು ತಿನ್ನುವ ಸೊಪ್ಪಿಗೆ ಲೆಕ್ಕವಿಲ್ಲ. ಮೇಲಿನ ಸಾಲುಗಳು ಮುಗಿಯುತ್ತಾ ಬಂದವು. ಕೆಳಗಿನ ಸಾಲುಗಳಿಗೆ ನಾನು ಹೋಗಿರಲಿಲ್ಲ. ನಾಯಿ ಮಾತ್ರ ಅಲ್ಲೇ ಇರುತ್ತಿತ್ತು. ಊಟಕ್ಕೆ ಬಂದು ಹೋಗುತ್ತಿತ್ತು. ಗೋಣಿಚೀಲದ ಮೇಲೆ ಮಲಗುವುದನ್ನು ಬಿಟ್ಟಿತ್ತು.

ಶನಿವಾರ ಬೆಳಗ್ಗೆ ಡೈರಿಯಿಂದ ಬಂದಾಗ ಮೈದುನ ಅಂಗಳದಲ್ಲಿ ಕೈ ಕೊಡವುತ್ತಾ ನಿಂತಿದ್ದ. ಬೆರಳೆಲ್ಲ ಬಿಳಿ. ಕಾಲ ಹತ್ತಿರ ಒಂದು ಪುಡಿ ಡಬ್ಬ.

"ಮೈಯೆಲ್ಲ ಉಣ್ಣೆ ಕಣತ್ತಿಗೆ. ಹೆಂಗೂ ನಾಳೆ ಹೋಯ್ತದಲ್ಲ, ಒಸಿ ಸಮಾಧಾನವಾಗಾದ್ರೂ ಹೋಗ್ಲಿ ಅಂತ ಪುಡಿ ಹಾಕ್ದೆ."

"ಹುಳ ಐತೆ," ಎಂದೆ.

ಅವನ ಮುಖ ಇಳಿದುಹೋಯಿತು. ಇದೇ ಮನೆಯಲ್ಲಿ ಹುಟ್ಟಿ, ಇದೇ ಹುಳುಮನೆಗೆ ಸೊಪ್ಪು ಹೊತ್ತವನು. "ಥೂ, ನನ್ ಬುದ್ಧಿಗಿಷ್ಟು," ಎಂದು ಹಣೆ ಚಚ್ಚಿಕೊಳ್ಳಲು ಹೋಗಿ, ಕೈಯಲ್ಲಿ ಪುಡಿಯಿರುವುದು ನೆನಪಾಗಿ ಅರ್ಧಕ್ಕೇ ನಿಲ್ಲಿಸಿದ. "ಬಯ್ಯತ್ತಿಗೆ. ಒಂದ್ಸಲ ಬಯ್ದ್‌ಬುಡು."

ನಾಯಿ ಎಲ್ಲಿ ಎಂದು ಕೇಳಿದೆ. ತೋಟದ ಕಡೆ ಕೈ ತೋರಿಸಿದ.

ಕೆಳಗಿನ ಸಾಲುಗಳಿಗೆ ಹೋದೆ. ಹೋಗುವ ಮೊದಲು ಏನೇನೋ ಆಗುತ್ತದೆ ಎಂದುಕೊಂಡಿದ್ದೆ. ಏನೂ ಆಗಲಿಲ್ಲ. ಸೊಪ್ಪು ಎದೆಯುದ್ದ ಬೆಳೆದಿತ್ತು. ಗಿಡಗಳ ನಡುವೆ ನಾಯಿ ಮಣ್ಣು ಕೆರೆದು ಗುಂಡಿ ಮಾಡಿಕೊಂಡು ಮಲಗಿತ್ತು. ಸುತ್ತಲಿನ ಎಲೆಗಳ ಮೇಲೆಲ್ಲ ಬಿಳಿ ಪುಡಿ. ಆ ಸಾಲುಗಳು ಈ ಬೆಳೆಗೆ ದಕ್ಕುವುದಿಲ್ಲ ಎಂದು ತಿಳಿಯಿತು. ಕರೆದೆ, ಏಳಲಿಲ್ಲ. ಅವರು ಹೇಗೆ ಕರೆಯುತ್ತಿದ್ದರೋ ಹಾಗೆ ಕರೆಯಲು ನನಗೆ ಬಾರದು. ಕೊನೆಗೆ ಕತ್ತಿನ ಕೆಳಗೆ ಕೈ ಹಾಕಿ ಎತ್ತಿ ನಿಲ್ಲಿಸಿದೆ. ಆಮೇಲೆ ಸುಮ್ಮನೆ ಬಂತು.

ಬೋರಿನ ನೀರಿನಲ್ಲಿ ಇಬ್ಬರೂ ಸೇರಿ ತೊಳೆದೆವು. ಮೈದುನ ತನ್ನ ಬಟ್ಟೆಯನ್ನೂ ನೆನೆಹಾಕಿ ಸ್ನಾನ ಮಾಡಿದ. ಹುಳುಮನೆಯ ಗೋಣಿಚೀಲವನ್ನು ಹೊಗೆ ತಾಗದಷ್ಟು ದೂರ ಒಯ್ದು ಸುಟ್ಟು ಹೊಸದು ಹಾಸಿದೆ. ಸಂಜೆ ನಾನೂ ತಲೆಗೆ ನೀರು ಹಾಕಿಕೊಂಡೇ ಸೊಪ್ಪು ಹಾಕಲು ಒಳಗೆ ಹೋದೆ. ಸೊಪ್ಪು ಮೈದುನ ತಂದದ್ದು. ಪಕ್ಕದ ಹೊಲದ ಹಿರಿಯರ ತೋಟದಿಂದ ಬೈಕಿನ ಹಿಂದೆ ಕಟ್ಟಿಕೊಂಡು ತಂದಿದ್ದ. ಹುಳುಗಳು ತಿನ್ನುವ ಸದ್ದು ಜಡಿಮಳೆಯಂತೆ ಕೇಳಿಸುತ್ತಿತ್ತು. ಒಂದೂ ಸತ್ತಿರಲಿಲ್ಲ.

ಹೊರಗೆ ಬಂದಾಗ ನಾಯಿ ಜಗಲಿಯ ಕೆಳಗೆ ನಡುಗುತ್ತಾ ಮಲಗಿತ್ತು. ಪುಡಿ ತೊಳೆದುಹೋಗಿತ್ತು. ಉಣ್ಣೆಗಳು ಹಾಗೇ ಇದ್ದವು. ಚಿಪ್ಪು ಅವರು ಇಟ್ಟ ಕಡೆಯೇ ಇತ್ತು, ಜಂತೆಯ ಸಂದಿಯಲ್ಲಿ. ಉಪ್ಪುನೀರು ಮಾಡಿಕೊಂಡು ಕುಳಿತೆ. ಮೊದಲನೆಯದನ್ನು ಕಿತ್ತಾಗ ನಾಯಿ ಬೆಚ್ಚಿ ನನ್ನ ಮುಖ ನೋಡಿತು. ಆಮೇಲೆ ತಾನಾಗಿಯೇ ಹೊರಳಿ ತೊಡೆಗೆ ಒರಗಿ, ಮುಂಗಾಲು ಎತ್ತಿ ಕಂಕುಳು ತೋರಿಸಿತು. ಅಲ್ಲಿ ಹೆಚ್ಚಿರುತ್ತವೆ ಎಂದು ನನಗೆ ಗೊತ್ತಿರಲಿಲ್ಲ.

ಮೈದುನ ದೂರ ನಿಂತು ನೋಡುತ್ತಿದ್ದ. "ಅತ್ತಿಗೆ, ತೋಟದ ಮನೆಯೋರು ಫೋನ್ ಮಾಡಿದ್ರು," ಎಂದ. "ನಾಳೆ ಬತ್ತೀರಾ ಅಂತ ಕೇಳ್ತಾವ್ರೆ. ಜಾತಿ ನಾಯಿ ಕಣತ್ತಿಗೆ, ಎಲ್ಲಾ ಕೆಲ್ಸಾನೂ ಮಾಡ್ತದೆ."

"ಮಾಡ್ತದೆ. ನಿಮ್ಮಣ್ಣನೂ ಹಂಗೇ ಹೇಳೋರು."

"ಮತ್ತೆ ಇದು? ಇದು ಇನ್ಮೇಲೆ ಏನೂ ಮಾಡ್ದೇ ಇದ್ರೆ?"

ಹೂಂ ಎನ್ನುವುದು ಬಿಟ್ಟು ಇಷ್ಟು ದಿನ ನಾನಾದರೂ ಏನು ಮಾಡುತ್ತಿದ್ದೆ? "ಒಸಿ ಬೆಳಕು ಬುಡು," ಎಂದೆ. ಅವನು ಪಕ್ಕಕ್ಕೆ ಸರಿದ. ಫೋನ್ ಕಿವಿಗಿಟ್ಟುಕೊಂಡು ಬೇಲಿಯ ಕಡೆ ಹೋದ. "ನಾಳೆ ಬರಕಿಲ್ಲ," ಎನ್ನುವುದು ಕೇಳಿಸಿತು.

ಬೆಳಕು ಇರುವವರೆಗೂ ಕಿತ್ತೆ. ಕಂಕುಳು, ಕತ್ತು, ಬಲಗಿವಿ ಮುಗಿದವು. ಎಡಗಿವಿಯ ಒಳಗೆ ಇನ್ನೂ ಇದ್ದವು. ಅದನ್ನು ನಾಳೆಗೆ ಬಿಟ್ಟೆ.