ಎರಡು ಟ್ರಾಕ್ಟರಿಗೆ ಒಂದು ಮ್ಯಾಗ್ನೆಟೊ

೧೯೫೨, ಜನವರಿ ೧೩, ಭಾನುವಾರ. ಸಂಜೆ ನಾಲ್ಕೂ ಕಾಲಿಗೆ ಬರೆಯಲು ಕೂತೆ.

ನಾಳೆ ಸಂಕ್ರಾಂತಿ. ಬೆಲ್ಲ ತರಲು ಹಿಂದೂಪುರದ ಪೇಟೆಗೆ ಹೋಗಿದ್ದೆ. ಮಂಡಿಯ ಎದುರಿನ ಸಂದಿಯಲ್ಲಿ ಮೋಟಾರುಗಳಿಗೆ ತಂತಿ ಸುತ್ತಿಕೊಡುವ ಅಂಗಡಿಯೊಂದಿದೆ. ಅಲ್ಲಿಂದ ಬಿಸಿ ಅರಗಿನ ವಾಸನೆ ಬಂತು. ಬೆಲ್ಲದ ಪೇಟೆಯಲ್ಲಿ ಬೆಲ್ಲ ಬಿಟ್ಟು ಬೇರೆ ವಾಸನೆ ಮೂಗಿಗೆ ತಾಗಬೇಕಾದರೆ ಅದಕ್ಕೂ ನಮಗೂ ಏನೋ ಹಳೆಯ ಸಲಿಗೆ ಇರಬೇಕು. ನನಗೆ ಗಂಗಕ್ಕನ ನೆನಪಾಯಿತು. ಅರಗಿಗೂ ನಿಮ್ಮ ಅಕ್ಕನಿಗೂ ಏನು ಸಂಬಂಧ ಎಂದು ನೀವು ಕೇಳುತ್ತೀರಿ. ಹೇಳುತ್ತೇನೆ, ಸ್ವಲ್ಪ ಬಳಸಿ ಬರಬೇಕು.

ಯುದ್ಧ ಮುಗಿದ ಮೇಲೆ, ಯಾರೋ ದೊರೆಯ ತೋಟದಲ್ಲಿ ದುಡಿದು ಹಳತಾದ ಎರಡು ಟ್ರಾಕ್ಟರುಗಳು ಮಾರಾಟಕ್ಕೆ ಬಂದವು. ಒಂದನ್ನು ಅಪ್ಪ ಪರಿಗಿ ಹತ್ತಿರದ ನಮ್ಮ ಹಳ್ಳಿಗೆ ತಂದರು. ಅಪ್ಪನ ಮಾತು ಕೇಳಿ ಇನ್ನೊಂದನ್ನು ಅಕ್ಕನ ಮಾವ ಮಲ್ಲಪ್ಪನವರು ಕಲ್ಯಾಣದುರ್ಗದ ಕಡೆಯ ಬೆಳುಗುಪ್ಪಕ್ಕೆ ಒಯ್ದರು. ಒಂದೇ ಕಂಪನಿ, ಒಂದೇ ಬಣ್ಣ. ಪೆಟ್ರೋಲಿನಲ್ಲಿ ಎಬ್ಬಿಸಿ, ಕಾವೇರಿದ ಮೇಲೆ ಸೀಮೆಎಣ್ಣೆಗೆ ತಿರುಗಿಸಬೇಕು. ಬ್ಯಾಟರಿ ಇಲ್ಲ, ಕಿಡಿ ಹುಟ್ಟಿಸುವುದು ಮ್ಯಾಗ್ನೆಟೊ. ದೊಡ್ಡ ತೆಂಗಿನಕಾಯಿಯ ಗಾತ್ರ. ಒಳಗೆ ಅಯಸ್ಕಾಂತ, ತಂತಿ ಸುತ್ತಿದ ಕಾಯಿಲ್, ಕೂಡಿ ಬಿಡುವ ಎರಡು ಸಣ್ಣ ಪಾಯಿಂಟುಗಳು. ಅದು ಸುಮ್ಮನಾದರೆ ಟ್ರಾಕ್ಟರು ಅಂಗಳದ ಬಂಡೆ.

ವರ್ಷದೊಳಗೆ ಬೀಗರ ಮ್ಯಾಗ್ನೆಟೊದ ಕಾಯಿಲ್ ಸುಟ್ಟುಹೋಯಿತು. ಮದ್ರಾಸಿಗೆ ಬರೆದರೆ, ಆ ಮಾದರಿ ಈಗ ಬರುತ್ತಿಲ್ಲ ಎಂದು ಉತ್ತರ. ಅಪ್ಪ, "ನಮ್ದನ್ನೇ ಇಬ್ರೂ ಇಟ್ಕಳಾನ" ಎಂದರು. ನಮ್ಮದು ಕೆರೆ ಕೆಳಗಿನ ಗದ್ದೆ, ಅವರದು ಮಳೆ ನಂಬಿದ ಹೊಲ. ಉಳುಮೆ ಒಟ್ಟಿಗೆ ಬೀಳುತ್ತಿರಲಿಲ್ಲ.

ಮೊದಲ ಸಲ ಬಸ್ಸಿನ ಕಂಡಕ್ಟರನ ಕೈಗೆ ಕೊಟ್ಟು ಕಳಿಸಿದರು. ಅವನು ಬಸ್ಸಿನ ಮೇಲೆ ಹುಣಸೆಹಣ್ಣಿನ ಮೂಟೆಗಳ ನಡುವೆ ಇಟ್ಟ. ಪೆನುಕೊಂಡದಲ್ಲಿ ಮಳೆ ಬಂತು. ನೀರು ಕುಡಿದ ಮ್ಯಾಗ್ನೆಟೊ ಒಲೆಯ ಪಕ್ಕ ಬಾಣಂತಿಯ ಹಾಗೆ ಕಾವು ತೆಗೆದುಕೊಳ್ಳುತ್ತ ಮಲಗಿತು. ಇನ್ನು ಮನೆಯವರ ಕೈ ಬಿಟ್ಟು ಬೇರೆಯವರ ಕೈಗೆ ಕೊಡಕೂಡದು ಎಂದರು ಮಲ್ಲಪ್ಪನವರು. ಅದನ್ನು ನಮಗೆ ವಾಪಸು ತಲುಪಿಸಬೇಕಾದಾಗ ಗಂಡಸರೆಲ್ಲ ಹೊಲದಲ್ಲಿ. ಆಗ ಅಕ್ಕ ಒಳಗಿನಿಂದ, "ನಾನು ಹೋಗ್ಬತ್ತೀನಿ ಮಾವ" ಎಂದಳಂತೆ.

ಅವಳು ಆ ಮನೆಗೆ ಹಿರಿಸೊಸೆ. ಹಬ್ಬಕ್ಕೆ ಕರೆಯಲು ಹೋದರೆ ಒಮ್ಮೆ ಎಮ್ಮೆ ಈದಿರುತ್ತಿತ್ತು, ಇನ್ನೊಮ್ಮೆ ನೆಂಟರು ಬಂದಿರುತ್ತಿದ್ದರು. ಕಳಿಸುವುದಿಲ್ಲ ಎಂದು ಯಾರೂ ಅನ್ನುತ್ತಿರಲಿಲ್ಲ. ಕಳಿಸುತ್ತಿರಲಿಲ್ಲ, ಅಷ್ಟೆ. ಈಗ ಅದೇ ಕಂಡಕ್ಟರು ಅವಳನ್ನು ಮುಂದಿನ ಸೀಟಿನಲ್ಲಿ ಕೂರಿಸಿದ. ಕಂಬಳಿ ತುಂಡಿನಲ್ಲಿ ಸುತ್ತಿದ ಮ್ಯಾಗ್ನೆಟೊ ತೊಡೆಯ ಮೇಲೆ, ಅದರ ಮೇಲೆ ಸೆರಗು. ಪಕ್ಕದ ಹೆಂಗಸು, "ಪಾಪಕು ಎನ್ನಿ ನೆಲಲಮ್ಮಾ?" ಎಂದು ಮಗುವಿನ ತಿಂಗಳು ಕೇಳಿದಳಂತೆ. "ಈಗ ಮಲಗೈತೆ, ಮಾತಾಡಿಸ್ಬ್ಯಾಡಕ್ಕ ಅಂದ್ಬುಟ್ಟೆ" ಎಂದು ಅಕ್ಕ ನಮ್ಮ ಜಗಲಿಯಲ್ಲಿ ಕೂತು ನಕ್ಕಳು. ಮದುವೆಯಾದ ಮೇಲೆ ಅವಳು ಹಾಗೆ ನಕ್ಕಿದ್ದನ್ನು ನಾವು ಕೇಳಿದ್ದು ಅಂದೇ.

ಮ್ಯಾಗ್ನೆಟೊ ಕೂರಿಸುವುದು ಇಬ್ಬರ ಕೆಲಸ. ಒಬ್ಬರು ಹ್ಯಾಂಡಲನ್ನು ಮೆಲ್ಲಗೆ ತಿರುಗಿಸಬೇಕು. ಸರಿಯಾದ ಜಾಗಕ್ಕೆ ಬಂದಾಗ ಅದು ಒಳಗೇ ಟಕ್ ಎನ್ನುತ್ತದೆ. ಇನ್ನೊಬ್ಬರು ಅದನ್ನು ಕೇಳಿಸಿಕೊಳ್ಳಬೇಕು. ಅಪ್ಪ ತಿರುಗಿಸುವರು, ಅಕ್ಕ ಕಿವಿಗೊಡುವಳು. ಪಾಯಿಂಟುಗಳ ನಡುವಿನ ಸಂದು ಅಳೆಯಲು ಅವಳ ಬಳಿ ಒಂದು ದಪ್ಪ ಕಾಗದದ ಚೂರಿತ್ತು.

"ಯಾರ ಲಗ್ನಪತ್ರಿಕೆನಮ್ಮ ಇದು?" ಎಂದರು ಅಪ್ಪ.

"ನಂದೇ ಕಣಪ್ಪ. ಇನ್ಯಾತಕ್ಕೆ ಬತ್ತೈತೆ ಅದು."

"ಅಳಿಯಂದ್ರು ನೋಡಿದ್ರೆ?"

"ಅವ್ರೇ ಹರಿದು ಕೊಟ್ಟಿದ್ದು."

ಉಳುಮೆ ಮುಗಿಯುವ ತನಕ ಅವಳು ಇರುವಳು. ಮುಗಿದ ಮೇಲೆ ಮ್ಯಾಗ್ನೆಟೊ ಜೊತೆ ಹೊರಡುವಳು. ಹಾಗಾಗಿ ನಮ್ಮಲ್ಲಿ ಉಳುಮೆ ಬೇಗ ಮುಗಿಯುತ್ತಿರಲಿಲ್ಲ. "ಆ ಗದ್ದೆ ಏನ್ ತಪ್ಪು ಮಾಡ್ತು, ಅದನ್ನೇ ಮೂರು ಸಲ ಉಳ್ತೀರಲ್ಲ" ಎಂದು ಅವ್ವ ಕೆಣಕಿದರೆ ಅಪ್ಪ, "ಮಣ್ಣು ಇನ್ನೂ ಹದಕ್ಕೆ ಬಂದಿಲ್ಲ ಕಣೆ" ಎನ್ನುತ್ತಿದ್ದರು. ನನ್ನ ಡೈರಿಯಲ್ಲಿ ಆ ದಿನಗಳೆಲ್ಲ 'ಮ್ಯಾ. ಬಂತು', 'ಮ್ಯಾ. ಹೋಯಿತು' ಎಂದಿವೆ. ಎರಡು ವರ್ಷದಲ್ಲಿ ಒಂಬತ್ತು ಸಲ. ಅಕ್ಕ ಬಂದಳು ಎಂದು ಒಮ್ಮೆಯೂ ಬರೆದಿಲ್ಲ. ನನ್ನಂಥ ಶಿಸ್ತಿನವರು ಹೀಗೆಯೇ.

ಆಮೇಲೆ ಗೋರಂಟ್ಲದ ಒಂದು ಮದುವೆಯ ಪಂಕ್ತಿಯಲ್ಲಿ ಯಾರೋ ನಗೆಯಾಡಿದರು: "ಮಲ್ಲಪ್ಪನೋರ ಟ್ರಾಕ್ಟರು ಸೊಸೆ ತವರಿಂದ ಬಂದ್ರೇನೇ ಎದ್ದೇಳೋದಂತೆ ಕಣ್ರಪ್ಪ." ಮಲ್ಲಪ್ಪನವರು ಎಲೆಯಿಂದ ತಲೆ ಎತ್ತಲಿಲ್ಲ. ಮಗಳ ಮನೆಯವರಿಗೆ ತಮ್ಮಿಂದ ಸಣ್ಣತನವಾಯಿತಲ್ಲ ಎಂದು ಅಪ್ಪ ಕೊರಗಿದರು. ಕಾಯಿಲ್ ಸುಟ್ಟ ಮ್ಯಾಗ್ನೆಟೊವನ್ನು ಬೆಳುಗುಪ್ಪದಿಂದ ತರಿಸಿ, ಈ ಅರಗಿನ ವಾಸನೆಯ ಅಂಗಡಿಗೆ ಕೊಟ್ಟರು. ಕೂದಲಿನಷ್ಟು ಸಣ್ಣ ತಂತಿ ಬೆಂಗಳೂರಿನಿಂದ ಬರಬೇಕಾಗಿತ್ತು. ಬಂತು. ಸುತ್ತಿ, ಅರಗು ಹಚ್ಚಿ, ಒಣಗಿಸಿ, ತಿರುಗಿಸಿ ನೋಡಿದರೆ ಒಳ್ಳೆ ನೀಲಿ ಕಿಡಿ. ಅಪ್ಪ ದಾರಿಯುದ್ದಕ್ಕೂ ಅದರ ಮಾತೇ ಆಡಿದರು.

ಆ ದಿನ ಅವ್ವ ಮುದ್ದೆ ಬಡಿಸುತ್ತ ಕೇಳಿದಳು: "ಇನ್ನು ಅವಳು ಏನಂತ ಹೇಳ್ಕಂಡು ಬತ್ತಾಳೆ?"

ಅಪ್ಪನ ಕೈ ತಣಿಗೆಯಲ್ಲೇ ನಿಂತಿತು. ಆದರೆ ಕಾಯಿಲ್ ಸರಿಯಾಯಿತೆಂದು ಬೀಗರಿಗೆ ಕಾಗದ ಹೋಗಿಯಾಗಿತ್ತು.

ನಾನೂ ಅಪ್ಪನೂ ಒಯ್ದೆವು. ಅಕ್ಕನೇ ಕಿವಿಗೊಟ್ಟು ಕೂರಿಸಿದಳು. ಟ್ರಾಕ್ಟರು ಮೊದಲ ಸುತ್ತಿಗೇ ಎದ್ದಿತು. ಮಲ್ಲಪ್ಪನವರು ಅಪ್ಪನ ಎರಡೂ ಕೈ ಹಿಡಿದುಕೊಂಡು, "ಉಪಕಾರ ಆಯ್ತು ಬೀಗರೇ. ಇನ್ನು ನಮ್ ಸೊಸೆಗೂ ಬಸ್ಸಿನ ಅಲೆದಾಟ ತಪ್ತು" ಎಂದರು. ಅವರದು ಒಳ್ಳೆಯ ಮನಸ್ಸಿನ ಮಾತೇ. ಅಕ್ಕ ಅಪ್ಪನನ್ನು ನೋಡಿ, "ಚೆನ್ನಾಗಿ ಸುತ್ತಿಸಿದ್ದೀಯ ಕಣಪ್ಪ" ಎಂದಳು. ಕೈ ಒರೆಸಿಕೊಳ್ಳುತ್ತ ಒಳಗೆ ಹೋದಳು.

ವಾಪಸು ಬರುವಾಗ ಬಸ್ಸು ಪೆನುಕೊಂಡ ದಾಟಿದ ಮೇಲೆ ಅಪ್ಪ, "ಸ್ವಲ್ಪ ಕೆಟ್ಟದಾಗೇ ಸುತ್ತಪ್ಪ ಅಂತ ಹೇಳ್ಬೌದಾಗಿತ್ತು" ಎಂದರು.

ಅಲ್ಲಿಂದೀಚೆಗೆ ಮೂರು ವರ್ಷ. ಅಕ್ಕ ಬಂದದ್ದು ಎರಡು ಸಲ. ನಾಳೆಯ ಹಬ್ಬಕ್ಕೂ ಕರೆಯಲು ಹೋಗಿದ್ದೆ. ಕಡಲೆಕಾಯಿ ಸುಲಿಯುವವರಿಲ್ಲ ಎಂದರು.

ಇವತ್ತು ಆ ಅಂಗಡಿಯ ಮುಂದೆ ನಿಂತು, ನೀವು ಸುತ್ತಿದ ಕಾಯಿಲ್ ಎಷ್ಟು ಕಾಲ ಬಾಳುತ್ತದೆ ಎಂದು ಕೇಳಿದೆ. ಯಾವ ಉತ್ತರ ಬೇಕಾಗಿತ್ತೋ ನನಗೇ ಗೊತ್ತಿಲ್ಲ.

"ನಿಮ್ ಮೊಮ್ಮಕ್ಕಳ ಕಾಲಕ್ಕೂ ಬತ್ತೈತೆ ಸ್ವಾಮಿ," ಎಂದ ಅಂಗಡಿಯವನು. "ಅಯಸ್ಕಾಂತ ಹಂಗಲ್ಲ. ಅದು ಬತ್ತಾ ಬತ್ತಾ ಸೊರಗ್ತದೆ. ಆಗಾಗ ತಂದು ಬಲ ತುಂಬಿಸ್ಕಬೇಕು."

ಆಗಾಗ ಎಂದರೆ ಎಷ್ಟು ತಿಂಗಳಿಗೆ? ಅವನಿಗೆ ತಿಳಿಯದು. ಬೆಲ್ಲ ಮರೆತು ಮನೆಗೆ ಓಡಿಬಂದು ಅಪ್ಪನಿಗೆ ಹೇಳಿದೆ. ಅವರು ಎದ್ದು ಕೂತರು. "ಬಾಯಿ ಮಾತಿಗೆ ಬೀಗರು ಒಪ್ಪಲ್ಲ ಕಣ್ಲಾ. ತಿಳಿದೋರು ಬರೆದಿದ್ದು ಬೇಕು."

ಆದ್ದರಿಂದ ಇದನ್ನು ಓದುವವರಲ್ಲಿ ಒಂದು ಬೇಡಿಕೆ. ಹಳೆಯ ಟ್ರಾಕ್ಟರಿನ ಮ್ಯಾಗ್ನೆಟೊ ಬಿಚ್ಚಿ, ಹಿಂದೂಪುರದಂಥ ಊರಿಗೆ ಒಯ್ದು, ಅಯಸ್ಕಾಂತಕ್ಕೆ ಎಷ್ಟೆಷ್ಟು ತಿಂಗಳಿಗೆ ಬಲ ತುಂಬಿಸಬೇಕೆಂದು ಬಲ್ಲವರು ನನಗೆ ಕಾಗದ ಬರೆಯಿರಿ. ಅಕ್ಷರ ದಪ್ಪಗಿರಲಿ, ಮಲ್ಲಪ್ಪನವರಿಗೆ ಕಣ್ಣು ಮಂದ. ಹತ್ತು ವರ್ಷಕ್ಕೊಮ್ಮೆ ಸಾಕು ಎಂಬುದು ನಿಮ್ಮ ಅನುಭವವಾದರೆ, ದಯವಿಟ್ಟು ಬರೆಯುವ ತೊಂದರೆ ತೆಗೆದುಕೊಳ್ಳಬೇಡಿ.