ಎಲ್ಲರೂ ತಿಂದ ಬನ್ನು

ಕೆಟ್ಟುಹೋದ ಮೊಟ್ಟೆಯ ಬನ್ನು ಆರನ್ನು ಒಂದೇ ಉಸಿರಿಗೆ ತಿಂದು, ಒಂದು ತೇಗನ್ನೂ ತೇಗದೆ, ಅಂದೇ ಸಂಜೆ ಆಸ್ಪತ್ರೆಯ ಬೆಟ್ಟದಷ್ಟು ಬಟ್ಟೆಯನ್ನು ಒಬ್ಬನೇ ಒಗೆದು ಒಣಹಾಕಿದ ಮನುಷ್ಯ ಭೂಮಂಡಲದಲ್ಲಿ ಒಬ್ಬನೇ. ಅವನೇ ಈ ಸಾಲುಗಳ ಲೇಖಕ. ಆ ಜಠರ ಯಾರ ಮ್ಯೂಸಿಯಮ್ಮಿಗೆ ಸೇರಬೇಕೆಂದು ದೇಶವಿದೇಶದ ವಿದ್ವಾಂಸರು ಇಂದಿಗೂ ಜುಟ್ಟು ಜುಟ್ಟು ಹಿಡಿದು ಕಾದಾಡುತ್ತಿದ್ದಾರೆ. ಆದರೆ ಈ ಅಭಿನಂದನ ಗ್ರಂಥ ಹೊರಬರುತ್ತಿರುವುದು ಆ ಜಠರದ ಗೌರವಾರ್ಥವಲ್ಲ, ಆ ಬನ್ನು ಮಾಡಿದ ಕೈಗಳ ಗೌರವಾರ್ಥ. ಆದ್ದರಿಂದ ಲೇಖಕನು ತನ್ನ ಕೀರ್ತಿಯನ್ನು ನಾಲ್ಕು ಮಡಿಕೆ ಮಾಡಿ ಪಕ್ಕಕ್ಕಿಟ್ಟು, ನಿವೃತ್ತರಾಗುತ್ತಿರುವ ಪೂಜ್ಯ ಮೇಡಂ ಅವರತ್ತ ತಿರುಗುತ್ತಾನೆ.

ರೋಗಿಯೊಬ್ಬನ ನಾಡಿ ಹಿಡಿಯಬಲ್ಲವರು ಬೀದಿಗೊಬ್ಬರು ಸಿಕ್ಕಾರು; ಇಡೀ ಊರಿನ ನಾಡಿ ಹಿಡಿಯಬಲ್ಲವರು ಅಪರೂಪ. ಸಾರ್ವಜನಿಕ ಆರೋಗ್ಯವೆಂಬ ಶಾಸ್ತ್ರದಲ್ಲಿ ಮೇಡಂ ಅಂಥ ಅಪರೂಪದವರು. ವಿದ್ಯಾರ್ಥಿಗಳ ಬಾಯಲ್ಲಿ ಅವರು 'ಛೇದದ ಮೇಡಂ'. ಯಾರಾದರೂ ಓಡಿಬಂದು, ನಮ್ಮ ಕಾರ್ಖಾನೆಯಲ್ಲಿ ಇಪ್ಪತ್ತು ಜನಕ್ಕೆ ಕೆಮ್ಮು ಎಂದರೆ ಸಾಕು, ಕನ್ನಡಕದ ಮೇಲಿಂದ ನೋಡಿ, "ಅಂಶ ಸಿಕ್ತು. ಛೇದ ಎಲ್ಲಿ? ಎಷ್ಟು ಜನದಲ್ಲಿ ಇಪ್ಪತ್ತು?" ಎಂದು ಕೇಳುತ್ತಿದ್ದರು. ಮಲಗಿದವರನ್ನು ಎಣಿಸುವಾಗ ಎದ್ದು ಓಡಾಡುತ್ತಿರುವವರನ್ನೂ ಎಣಿಸಬೇಕೆಂಬುದು ಅವರ ಜೀವಮಾನದ ಉಪದೇಶದ ಸಾರ.

ಮೊದಲು ಜಿಲ್ಲೆಯ ಲಸಿಕಾ ಕೆಲಸದಲ್ಲಿ, ಬಳಿಕ ಕಾಲೇಜಿನಲ್ಲಿ ಸೇವೆ ಸಲ್ಲಿಸಿದ ಮೇಡಂ, ಹಠ ಹಿಡಿದು ಕಟ್ಟಿದ್ದು ಒಂದೇ ಒಂದು ಕೋರ್ಸು: ಉದ್ಯೋಗದಲ್ಲಿದ್ದುಕೊಂಡೇ ಓದುವವರಿಗಾಗಿ ಸಾರ್ವಜನಿಕ ಆರೋಗ್ಯದ ಸ್ನಾತಕೋತ್ತರ ಸರ್ಟಿಫಿಕೇಟ್. ಶನಿವಾರ ಮಧ್ಯಾಹ್ನ ತರಗತಿ. ಹಿಂದಿನ ಬೆಂಚಿನಲ್ಲಿ ರಾತ್ರಿ ಪಾಳಿ ಮುಗಿಸಿ ಬಂದ ಹಿರಿಯ ನರ್ಸಮ್ಮ ಬಾಯಿ ತೆರೆದು ನಿದ್ದೆ ಹೋಗುತ್ತಿದ್ದರು. ಯಾರಾದರೂ ನಕ್ಕರೆ, ಆಕೆ ಮಲಗಲಿ, ಲೆಕ್ಕವನ್ನು ನಾನು ಇನ್ನೊಮ್ಮೆ ಹೇಳಿಕೊಡುತ್ತೇನೆ ಎಂದು ಮೇಡಂ ದನಿಯನ್ನೇ ತಗ್ಗಿಸುತ್ತಿದ್ದರು, ಮತ್ತು ತರಗತಿ ಮುಗಿದ ಮೇಲೆ ಮೆಟ್ಟಿಲ ಮೇಲೆ ಕೂತು ಇಡೀ ಪಾಠವನ್ನು ಪುನಃ ಹೇಳುತ್ತಿದ್ದರು.

ಈ ಲೇಖಕನು ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದ ಮೇಲ್ವಿಚಾರಕ. ಮಾತಿನ ಸುಕ್ಕುಗಳನ್ನೆಲ್ಲ ನಯವಾಗಿ ತೀಡುವನೆಂದು ತರಗತಿ ಅವನಿಗೆ ಇಟ್ಟ ಹೆಸರು ಇಸ್ತ್ರಿ. ಪದವಿ ಇದ್ದರೂ, ಅಗಸರ ಕೆಲಸದವನಿಗೂ ಆರೋಗ್ಯಶಾಸ್ತ್ರಕ್ಕೂ ಏನು ಸಂಬಂಧ ಎಂದು ಪ್ರವೇಶ ಸಮಿತಿ ಮೂಗು ಮುರಿದಾಗ ಮೇಡಂ ಹೇಳಿದ್ದು ಇಷ್ಟೇ: "ಒಂದು ವಾರ ಅವನು ರಜೆ ಹಾಕ್ಲಿ. ಆಮೇಲೆ ಆಪರೇಷನ್ ಥಿಯೇಟರಿಗೆ ಹೋಗಿ ಸಂಬಂಧ ಕೇಳ್ಕೊಂಡು ಬನ್ನಿ." ಪ್ರವೇಶ ಸಿಕ್ಕಿತು. ಅಂದಿನಿಂದ ಇಸ್ತ್ರಿ ಆ ಮಾತನ್ನು ಹೋದಲ್ಲೆಲ್ಲ ಹೇಳಿಕೊಂಡು ತಿರುಗಿದ. ಪ್ರತಿ ಸಲವೂ ಸಮಿತಿಯ ಸದಸ್ಯರ ಸಂಖ್ಯೆ ಸ್ವಲ್ಪ ಹೆಚ್ಚುತ್ತಿತ್ತು.

ಕೆಲಸದಿಂದ ನೇರವಾಗಿ ಬರುವವರು ಹಸಿದಿರುತ್ತಾರೆಂದು ಮೇಡಂ ಪ್ರತಿ ಶನಿವಾರ ದೊಡ್ಡ ಸ್ಟೀಲ್ ಡಬ್ಬಿಯಲ್ಲಿ ಮೊಟ್ಟೆಯ ಬನ್ನು ತರುತ್ತಿದ್ದರು, ಸ್ವಂತ ಕೈಯಡುಗೆ. ಅವರ ವಿದ್ವತ್ತಿಗೆ ತಲೆಬಾಗುವ ಲೇಖಕನು ಅವರ ಅಡುಗೆಯ ಬಗ್ಗೆ ಮೌನ ತಾಳುವುದು ಸಭ್ಯತೆ. ಬನ್ನು ಗಂಟಲಲ್ಲಿ ನಿಂತರೆ ಅಲ್ಲೇ ಮನೆ ಕಟ್ಟುತ್ತಿತ್ತು. ಆದರೂ, ಹೇಗಿದೆ ಎಂದು ಮೇಡಂ ಕೇಳಿದರೆ, ಬಹಳ ಚೆನ್ನಾಗಿದೆ ಮೇಡಂ ಎಂದು ಇಡೀ ತರಗತಿ ಒಂದೇ ಕೊರಳಲ್ಲಿ ಹಾಡುತ್ತಿತ್ತು.

ಒಂದು ಶನಿವಾರದ ಇರುಳಿಗೆ ಆ ಕೊರಳುಗಳಲ್ಲಿ ಹೆಚ್ಚಿನವು ಬಚ್ಚಲುಮನೆಯಲ್ಲಿ ಬೇರೆಯೇ ರಾಗ ಹಾಡಿದವು. ಮೇಡಂ ಕೂಡ ಮೂರು ದಿನ ಹಾಸಿಗೆ ಹಿಡಿದರು. ಆಡಳಿತಾಧಿಕಾರಿಗಳು ಹಿಂದೆ ಮುಂದೆ ನೋಡದೆ ಕ್ಯಾಂಟೀನಿನ ಹಣ್ಣಿನ ರಸದ ಮೇಲೆ ಬೆರಳಿಟ್ಟರು. ಮುಂದಿನ ಶನಿವಾರ ಸಂಜೆಯೊಳಗೆ ಕ್ಯಾಂಟೀನಿನವನು ಬೀಗದ ಕೈ ಒಪ್ಪಿಸಿ ಹೊರಡಬೇಕೆಂದು ಆಜ್ಞೆಯಾಯಿತು. ಅವನ ಹೆಂಡತಿ, ಅತ್ತಿಗೆ, ಕಾಲು ಸೋತ ಅಣ್ಣ, ಎಲ್ಲರ ತುತ್ತೂ ಆ ಒಲೆಯಿಂದಲೇ ಬರಬೇಕು.

ಆ ಶನಿವಾರ ಮೇಡಂ ಗೋಡೆ ಹಿಡಿದುಕೊಂಡು ತರಗತಿಗೆ ಬಂದರು. ಕ್ಯಾಂಟೀನಿನವನನ್ನೂ ಕರೆಸಿ ಬಾಗಿಲ ಬಳಿ ಕುರ್ಚಿ ಹಾಕಿಸಿದರು. ಊಹೆಯಿಂದ ಯಾರ ಅನ್ನವನ್ನೂ ಕಿತ್ತುಕೊಳ್ಳುವಂತಿಲ್ಲ, ಪಾಠ ಕಲಿತವರು ಲೆಕ್ಕ ಮಾಡಿ ತೋರಿಸಲಿ ಎಂದರು. ವಿದ್ಯಾರ್ಥಿಗಳು ಒಬ್ಬರನ್ನೊಬ್ಬರು ವಿಚಾರಿಸಿದರು: ಏನು ತಿಂದೆ, ಏನು ಕುಡಿದೆ, ಹೊಟ್ಟೆ ಕೆಟ್ಟಿತೋ ಇಲ್ಲವೋ. ಕಪ್ಪುಹಲಗೆಯ ಮೇಲೆ ಕೋಷ್ಟಕ ತುಂಬಿತು. ಬನ್ನನ್ನು ಕಾಯಿಲೆ ಬಿದ್ದವರೂ ತಿಂದಿದ್ದರು, ಗಟ್ಟಿಯಾಗಿದ್ದವರೂ ತಿಂದಿದ್ದರು. ಹಾಗಾಗಿ ಬನ್ನು ನಿರಪರಾಧಿ. ಹಣ್ಣಿನ ರಸವನ್ನಾದರೋ ಕಾಯಿಲೆ ಬಿದ್ದವರೇ ಹೆಚ್ಚಾಗಿ ಕುಡಿದಿದ್ದರು. ಬಾಗಿಲ ಬಳಿಯ ಕುರ್ಚಿಯಲ್ಲಿ ಕೂತವನು ಬೀಗದ ಕೈಯನ್ನು ಅಂಗೈಯಲ್ಲಿ ತಿರುಗಿಸುತ್ತಿದ್ದ.

ಮೇಡಂ ಹಲಗೆಯ ಮೇಲಿನ ಬನ್ನಿನ ಸಾಲಿನ ಗುಂಟ ಬೆರಳಾಡಿಸಿದರು. ಆಮೇಲೆ, ಇಷ್ಟು ವರ್ಷದ ಕೆಲಸದಲ್ಲಿ ಪ್ರತಿಯೊಬ್ಬರೂ ತಿಂದ ತಿಂಡಿಯನ್ನು ನಾನು ಎಲ್ಲೂ ಕಂಡಿಲ್ಲ, ಬೇಡವೆನ್ನುವವರು ಒಬ್ಬಿಬ್ಬರಾದರೂ ಇರಲೇಬೇಕು ಎಂದರು.

"ಇದು ಲೆಕ್ಕ ಅಲ್ಲ ಕಣ್ರಪ್ಪಾ, ಇದು ಮರ್ಯಾದೆ. ಎಲ್ಲರೂ ಗೋಡೆ ಕಡೆ ತಿರುಗಿ ಕಣ್ಣು ಮುಚ್ಚಿ. ಆವತ್ತು ನನ್ನ ಬನ್ನು ನಿಜವಾಗ್ಲೂ ತಿಂದವರು ಮಾತ್ರ ಕೈ ಎತ್ತಿ. ನನಗೆ ಬೇಜಾರಿಲ್ಲ."

ಬೆನ್ನ ಹಿಂದೆ ಸೀಮೆಸುಣ್ಣ ಕರಕರ ಸದ್ದು ಮಾಡಿತು. ಎಲ್ಲರೂ ತಿರುಗಿ ನೋಡಿದರು. ಕೋಷ್ಟಕ ತಲೆಕೆಳಗಾಗಿತ್ತು. ಗಟ್ಟಿಯಾಗಿದ್ದವರಲ್ಲಿ ಒಬ್ಬನನ್ನು ಬಿಟ್ಟು ಯಾರೂ ಬನ್ನು ತಿಂದಿರಲೇ ಇಲ್ಲ. ಚೀಲಕ್ಕೆ, ಕಸದ ಬುಟ್ಟಿಗೆ, ಕಿಟಕಿಯಾಚೆಯ ಕಾಗೆಗಳಿಗೆ ಸಂದಾಯ ಮಾಡಿದ್ದರು. ನಿಜವಾಗಿ ತಿಂದವರು ಗಂಟಲಲ್ಲಿ ನಿಂತದ್ದನ್ನು ಕೆಳಗಿಳಿಸಲು ಹಣ್ಣಿನ ರಸ ಕುಡಿದಿದ್ದರು. ಪಾಪ, ಆ ರಸದ ಮೇಲೆ ಕಳಂಕ ಬಂದದ್ದು ಹಾಗೆ. ಮೂಲ ಎಂಬ ಪದದ ಮುಂದೆ ಮೇಡಂ ದುಂಡಾದ ಅಕ್ಷರದಲ್ಲಿ ಬರೆದಿದ್ದರು: ನನ್ನ ಅಡುಗೆಮನೆ.

ಹಿಂದಿನ ದಿನ ಉತ್ತರಪತ್ರಿಕೆ ತಿದ್ದುತ್ತಾ ಕೂತು, ಬನ್ನಿನೊಳಗಿಡುವ ಮೊಟ್ಟೆಯ ಪಲ್ಯವನ್ನು ಫ್ರಿಜ್ಜಿಗಿಡಲು ಮರೆತಿದ್ದೆ, ಬೆಳಿಗ್ಗೆ ವಾಸನೆ ನೋಡಿ ಸರಿಯಿದೆ ಎಂದುಕೊಂಡೆ ಎಂದು ಹೇಳಿದರು. ಕೈತೊಳೆಯುವುದನ್ನು ಒಂದು ತಲೆಮಾರಿಗೆ ಕಲಿಸಿದ ಕೈಯೇ ಆ ತಪ್ಪು ಮಾಡಿತ್ತು. ಅವರನ್ನು ಹೆಚ್ಚು ಬೆಚ್ಚಿಬೀಳಿಸಿದ್ದು ಮಾತ್ರ ಬೇರೆ.

"ಹಾಗಾದ್ರೆ ಇಷ್ಟು ದಿನ, ಪ್ರತಿ ಶನಿವಾರ... ಅಷ್ಟು ಜನ ತಿಂತಾನೇ ಇರ್ಲಿಲ್ವಾ?"

ಅಂದು ಮಾತ್ರ ಎಚ್ಚರವಾಗಿದ್ದ ನರ್ಸಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡರು.

ಅಂದೇ ಮೇಡಂ ನಗರದ ಆರೋಗ್ಯಾಧಿಕಾರಿಗೆ ತಮ್ಮ ಮೇಲೆ ತಾವೇ ವರದಿ ಕೊಟ್ಟರು. ಅವರು ಮೇಡಂ ಅವರ ಹಳೆಯ ಶಿಷ್ಯರೇ. ಮುಚ್ಚಿಹಾಕೋಣವೆಂದು ಆ ಅಧಿಕಾರಿ ಅಂಗಲಾಚಿದರೂ ಮೇಡಂ ಬಿಡಲಿಲ್ಲ. ಕ್ಯಾಂಟೀನಿನವನ ಮುಂದೆ ನಿಂತು ಕೈಮುಗಿದಾಗ ಅವನು ಗಾಬರಿಯಿಂದ ಕುರ್ಚಿ ಕೆಡವಿಕೊಂಡು ಎದ್ದ. "ಬಿಡಿ ಮೇಡಂ, ಆಗಿದ್ದು ಆಯ್ತು. ಇನ್ಮೇಲೆ ಬನ್ನು ಮಾತ್ರ ನನಗೇ ಬಿಟ್ಬಿಡಿ" ಎಂದ. ಕ್ಯಾಂಟೀನು ಉಳಿಯಿತು, ಕೋರ್ಸೂ ಉಳಿಯಿತು, ಆ ಕೋಷ್ಟಕ ಪ್ರತಿ ವರ್ಷದ ಮೊದಲ ಪಾಠವಾಯಿತು. ಬನ್ನು ತಿಂದೂ ಗಟ್ಟಿಯಾಗಿದ್ದ ಆ ಒಬ್ಬ ವಿದ್ಯಾರ್ಥಿಯನ್ನು, ನಿಸರ್ಗದಲ್ಲಿ ಇಂಥ ಅಪವಾದವೂ ಇರುತ್ತದೆ ಎಂದು ಮೇಡಂ ತಂಡದಿಂದ ತಂಡಕ್ಕೆ ಪರಿಚಯಿಸುತ್ತಾ ಬಂದರು. ಆ ಅಪವಾದವೇ ಇಸ್ತ್ರಿ.

ಮೇಡಂ ನೂರು ವರ್ಷ ಬಾಳಲಿ. ವಿಶ್ರಾಂತಿಯೆಂಬುದು ಅವರ ಹತ್ತಿರ ಸುಳಿಯದಿರಲಿ. ಛೇದವಿಲ್ಲದೆ ಬಾಯಿ ತೆರೆಯುವವರ ಮುಂದೆ ಆ ಕನ್ನಡಕ ಇನ್ನೂ ಬಹುಕಾಲ ಕೆಳಗಿಳಿಯಲಿ ಎಂಬುದು ಶಿಷ್ಯಕೋಟಿಯ ಹಾರೈಕೆ.

ಲೇಖನ ಇಲ್ಲಿಗೆ ಮುಗಿಯಬೇಕಿತ್ತು. ಸಂಪಾದಕರು ಕರಡನ್ನು ಮೇಡಂ ಅವರಿಗೇ ಓದಲು ಕೊಟ್ಟರು. ಇಸ್ತ್ರಿಯ ಫೋನು ಬಡಿದುಕೊಂಡಿತು.

"ಇಸ್ತ್ರಿ, ಆವತ್ತು ನಾನು ತಲೆಗೊಂದರಂತೆ ಬನ್ನು ತಂದಿದ್ದೆ. ನೀನು ಆರು ತಿಂದಿದ್ರೆ ಇನ್ನೈದು ಜನಕ್ಕೆ ಸಿಗಬಾರದಿತ್ತು. ಆದ್ರೆ ಎಲ್ಲರ ಕೈಗೂ ಒಂದೊಂದು ಹೋಯ್ತು, ನಾನೇ ಹಂಚಿದ್ದು. ಛೇದ ಎಲ್ಲಪ್ಪಾ?"

ಇಸ್ತ್ರಿ ಒಂದು ತಿಂದೆ ಎಂದ. ನಿಜವಾಗಿಯೂ ಒಂದೇ ಎಂದು ಮೇಡಂ ಕೇಳಿದರು. ಅರ್ಧ ತಿಂದೆ ಎಂದ. ಯಾವ ಅರ್ಧ ಎಂದು ಕೇಳಿದರು.

ಕೊನೆಗೆ ಇದ್ದದ್ದನ್ನು ಹೇಳಿದ. ಆವತ್ತೂ ತಿಂದಿರಲಿಲ್ಲ, ಯಾವತ್ತೂ ತಿಂದಿರಲಿಲ್ಲ. ಬನ್ನುಗಳೆಲ್ಲ ಮೈಲಿಗೆ ಬಟ್ಟೆಯ ಗಂಟಿನಲ್ಲಿ ಸಾಗಿ ಹೋಗಿದ್ದವು. ಗೋಡೆಯ ಕಡೆ ತಿರುಗಿ ನಿಂತಾಗ, ತಿಂದೂ ಗಟ್ಟಿಯಾಗಿದ್ದವನು ಒಬ್ಬನಾದರೂ ಸಿಕ್ಕಿದರೆ ಮೇಡಂ ಅವರ ಅಡುಗೆಮನೆ ಪಾರಾದೀತೆಂದು ಕೈ ತಾನಾಗಿ ಮೇಲೆದ್ದಿತ್ತು. ಅದು ಬಾಗಿಲ ಬಳಿ ಕೂತವನ ತುತ್ತನ್ನು ಕಸಿಯಬಹುದಾದ ಕೈ ಎಂಬುದು ಆ ಗಳಿಗೆಯಲ್ಲಿ ಹೊಳೆದಿರಲಿಲ್ಲ.

ಮೇಡಂ ಉಸಿರೆಳೆದುಕೊಂಡದ್ದು ಕೇಳಿಸಿತು.

"ಅಷ್ಟು ತಂಡಕ್ಕೆ ನಿನ್ನನ್ನ ಪಾಠ ಮಾಡಿದ್ನಲ್ಲೋ" ಎಂದರು. ಆಮೇಲೆ, ಸೀಮೆಸುಣ್ಣ ಹುಡುಕುವವರಂತೆ ಸ್ವಲ್ಪ ತಡೆದು, "ಇರ್ಲಿ. ನಾಳೆ ಬಂದು ಕೋಷ್ಟಕದಲ್ಲಿ ಆ ಒಂದನ್ನ ಅಳಿಸಿ, ಆ ಮನೆಯಲ್ಲಿ ನೀನೇ ಸೊನ್ನೆ ಬರಿ" ಎಂದರು.

ಬರೆದು ಬಂದಿದ್ದಾನೆ.