ಐದು ಬಾಟಲಿ ಜೀವ

ಎಂ.ಎಸ್ಸಿ. ಕೊನೆಯ ವರ್ಷದಲ್ಲಿ ನನ್ನ ಪ್ರಾಣವೆಲ್ಲ ನಮ್ಮನೆಯ ಫ್ರಿಜ್ಜಿನಲ್ಲಿತ್ತು. ಅಲ್ಲಿ ಐದು ಗಾಜಿನ ಬಾಟಲಿಗಳು. ಮಳವಳ್ಳಿ ಮಾರುಕಟ್ಟೆಯ ಐಸ್ ಪೆಟ್ಟಿಗೆಯಿಂದ ಕೊಂಡ ಬಂಗುಡೆ ಮೀನಿನ ಕರುಳಿನಲ್ಲಿದ್ದ ಬ್ಯಾಕ್ಟೀರಿಯಾ ಅವುಗಳಲ್ಲಿ ನಿಧಾನವಾಗಿ ಬೆಳೆಯುತ್ತಿದ್ದವು. ವಿಚಿತ್ರ ಜಾತಿ: ಚಳಿ ಬೇಕು, ಗಾಳಿ ಕೂಡದು. ದಸರಾ ರಜೆಗೆ ಲ್ಯಾಬಿಗೆ ಬೀಗ ಬಿತ್ತೆಂದು ಭಾರತೀನಗರದಿಂದ ಬಸ್ಸಿನಲ್ಲಿ ಮಡಿಲಲ್ಲಿಟ್ಟುಕೊಂಡು ಚಿಕ್ಕರಸಿನಕೆರೆಯ ಮನೆಗೆ ತಂದಿದ್ದೆ. ರಜೆ ಮುಗಿದ ದಿನವೇ ಪ್ರಾಜೆಕ್ಟಿನ ಗೈಡಿಗೆ ತೋರಿಸಬೇಕು, ಇಲ್ಲವಾದರೆ ಒಂದು ವರ್ಷ ನೀರುಪಾಲು.

ಕೂತಲ್ಲಿ ಕೂರಲಾರೆ, ನಿಂತಲ್ಲಿ ನಿಲ್ಲಲಾರೆ. ಕರೆಂಟು ಹೋದರೆ ಫ್ರಿಜ್ಜಿನ ಬಳಿಗೆ ಓಡುತ್ತಿದ್ದೆ. ಪದೇಪದೇ ಬಾಗಿಲು ತೆಗೆಯಬಾರದೆಂದು ಗೊತ್ತಿದ್ದೂ ತೆಗೆಯುತ್ತಿದ್ದೆ.

"ಅದೇನ್ಲಾ ಗಳಿಗ್ಗೊಂದ್ಸಲ ಬಗ್ಗಿ ಬಗ್ಗಿ ನೋಡೀಯೆ? ಏನೈತೆ ಅದ್ರಲ್ಲಿ?" ಅಂದಳು ಅವ್ವ.

"ಜೀವ ಅವೆ ಕಣವ್ವ, ಸಮುದ್ರದ ಮೀನಿನವು. ಮುಟ್ಬ್ಯಾಡ!" ಎಂದು ರೇಗಿದೆ. ಇನ್ನೆರಡು ಮಾತು ಬಿಡಿಸಿ ಹೇಳಲು ನನಗೇನು ದಾಡಿಯಾಗಿತ್ತೋ!

ಮೂರನೆಯ ದಿನ ಬೆಳಿಗ್ಗೆ ನೋಡಿದರೆ ಐದೂ ಬಾಟಲಿ ಗುಲಾಬಿ ಬಣ್ಣಕ್ಕೆ ತಿರುಗಿದ್ದವು. ಗಾಳಿ ಹೊಕ್ಕರೆ ಗೊತ್ತಾಗಲೆಂದು ಆ ಬಣ್ಣದ ಮದ್ದು ಬೆರೆಸಿದ್ದವನು ನಾನೇ. ರಬ್ಬರು ಮುಚ್ಚಳಗಳಲ್ಲಿ ಒಂದೊಂದು ತೂತು. ಗೋಣಿಚೀಲ ಹೊಲಿಯುವ ದಬ್ಬಳದಿಂದ ಚುಚ್ಚಿದ್ದು. ಕೆರೆಯ ಕೊರವ ಮೀನನ್ನು ಎರಡು ದಿನ ಜೀವಂತ ಇಟ್ಟುಕೊಳ್ಳಲು ಅವ್ವ ನೀರಿನ ಡಬ್ಬದ ಮುಚ್ಚಳಕ್ಕೂ ಹೀಗೆಯೇ ಚುಚ್ಚುತ್ತಿದ್ದಳು.

"ಉಸ್ರು ಕಟ್ಟಿ ಸತ್ತೋಯ್ತವಲ್ಲಾ ಅಂತ ಕಣ್ಲಾ..."

"ಸಾಯ್ಸಿದ್ದೇ ನೀನು! ಗಾಳೀನೇ ಅವ್ಕೆ ಇಸ! ನನ್ ಬಾಯ್ಗೆ ಮಣ್ಣಾಕ್ಬುಟ್ಟೆ!"

ಕೇರಿಗೆಲ್ಲ ಕೇಳುವಂತೆ ಕೂಗಾಡಿ, ಕಬ್ಬಿನ ಗದ್ದೆಯ ಬದುವಿನ ಮೇಲೆ ಬಿಸಿಲೇರುವ ತನಕ ಅತ್ತಿಂದಿತ್ತ ಸುತ್ತಿದೆ. ಗೈಡಿಗೆ ಹೇಳಬೇಕಾದ ಸುಳ್ಳುಗಳನ್ನೆಲ್ಲ ಅಲ್ಲೇ ಜೋಡಿಸಿಕೊಂಡೆ.

ಮನೆಗೆ ಬಂದರೆ ಅವ್ವ ಒಂದು ಬಾಟಲಿ ಹಿಡಿದು ಬೆಳಕಿಗೆ ಎತ್ತಿ ನೋಡುತ್ತಿದ್ದಳು.

"ಎಷ್ಟಿದ್ದೊ ಲಾ?"

"ಕೋಟಿಗಟ್ಲೆ," ಎಂದೆ, ಇನ್ನೂ ಸಿಟ್ಟಿನಲ್ಲೇ.

ಕೊರವವನ್ನು ಬೂದಿಯಲ್ಲಿ ಉಜ್ಜಿ ಕುಯ್ಯುವಾಗ ಒಮ್ಮೆಯೂ ಮುಖ ತಿರುಗಿಸದವಳ ಕಣ್ಣು ತುಂಬಿ ಬಂತು. "ತಿನ್ನಾಕೂ ಅಲ್ದೆ, ಸುಮ್‌ಸುಮ್ನೆ ಸಾಯ್ಸ್‌ಬುಟ್ನಲ್ಲಪ್ಪಾ," ಅಂದಳು.

ಮಧ್ಯಾಹ್ನ ಮುದ್ದೆ ತಿರುವಿ ನನಗೆ ಬಡಿಸಿದಳು. ತಾನು ಉಣ್ಣಲಿಲ್ಲ. ಅವಳನ್ನು ಉಣ್ಣೆಂದು ಕರೆಯದೆ ನಾನು ಎರಡು ಮುದ್ದೆ ಉಂಡೆದ್ದೆ. ಅದಕ್ಕೆ ನನಗೆ ಇವತ್ತಿಗೂ ನಾಚಿಕೆಯಾಗುತ್ತದೆ.